ಊರಿಲ್ಲದ ಕತ್ತಿ

ಚಿಕ್ಕಪ್ಪ ಬದುಕಿದ್ದಿದ್ದರೆ ಈ ಅಧ್ಯಾಯ ಬರೆಯುತ್ತಿರಲಿಲ್ಲ. ಅವನಿಗೆ ಓದಲು ಬರುತ್ತಿರಲಿಲ್ಲ, ನಿಜ. ಆದರೆ ಬರೆದದ್ದು ಯಾರ ಬಾಯಿಂದಲೋ ಅವನ ಕಿವಿಗೆ ಬಿದ್ದೇ ಬೀಳುತ್ತಿತ್ತು. ನಮ್ಮ ನಂಟರ ಬಾಯಲ್ಲಿ ಎಳ್ಳು ನೆನೆಯುವುದಿಲ್ಲ. ಈ ಆಷಾಢದಲ್ಲಿ ಅವನ ತಿಥಿಯೂ ಮುಗಿಯಿತು. ಆಸ್ಪತ್ರೆಯಲ್ಲಿ ಮೂವತ್ತೈದು ವರ್ಷ ನರ್ಸಾಗಿ ನಿಂತು ದುಡಿದವಳು ನಾನು, ಆಯಾಸ ನನಗೆ ಹೊಸದಲ್ಲ. ಕಾಲುನೋವಿಗೆ ಬಿಸಿನೀರು ಇದೆ, ಬೆನ್ನಿಗೆ ಎಣ್ಣೆ ಇದೆ. ಒಂದು ಮಾತನ್ನು ಒಂಬತ್ತನೇ ವಯಸ್ಸಿನಿಂದ ಹೊತ್ತುಕೊಂಡು ತಿರುಗಿದ ಆಯಾಸಕ್ಕೆ ಏನೂ ಇಲ್ಲ. ಇನ್ನು ನನಗೂ ಸಾಕಾಗಿದೆ, ಇಳಿಸಿಬಿಡುತ್ತೇನೆ.

ನಮ್ಮದು ಚನ್ನರಾಯಪಟ್ಟಣದಲ್ಲಿ ಕೆರೆಯ ಕಡೆಗೆ ಹೋಗುವ ಬೀದಿಯ ಮನೆ. ಮುಂದೆ ಜಗಲಿ, ಒಳಗೆ ನಡುಮನೆ, ಅದರ ಎರಡು ಪಕ್ಕಕ್ಕೆ ಎರಡು ಕೋಣೆ. ಒಂದು ಅಪ್ಪ ಅವ್ವನದು, ಒಂದು ಚಿಕ್ಕಪ್ಪ ಚಿಕ್ಕವ್ವನದು. ಅಜ್ಜಿಗೂ ನನಗೂ ನಡುಮನೆಯ ಚಾಪೆ. ಹಿತ್ತಲಲ್ಲಿ ಬಚ್ಚಲು, ಅಲ್ಲಿ ಒಂದೇ ಒಂದು ತಾಮ್ರದ ಹಂಡೆ. ಕ್ಷೌರ ನಮ್ಮ ಮನೆತನದ ಕಸುಬು. ಕೆಲಸಕ್ಕೆ ಹೋದ ಗಂಡಸರು ಮುಂಬಾಗಿಲಿಂದ ಒಳಗೆ ಬರುವಂತಿರಲಿಲ್ಲ. ಪಕ್ಕದ ಸಂದಿಯಿಂದ ಹಿತ್ತಲಿಗೆ ಬಂದು, ಮಿಂದು, ಬಟ್ಟೆ ಬದಲಿಸಿದ ಮೇಲೇ ಹೊಸಿಲು ದಾಟಬೇಕು. ಚಳಿಗಾಲದಲ್ಲಿ ಅಪ್ಪ ಹಿತ್ತಲ ಕಲ್ಲಿನ ಮೇಲೆ ನಡುಗುತ್ತ ಕೂತು ನೀರು ಕಾಯುವುದನ್ನು ಎಷ್ಟೋ ಸಲ ನೋಡಿದ್ದೇನೆ. ಊರಿಗೆಲ್ಲ ಅಂದ ಮಾಡಿ ಬಂದವನಿಗೆ ಸ್ವಂತ ಮನೆಯೊಳಗೆ ಹೋಗಲು ಹಂಡೆಯ ಅಪ್ಪಣೆ ಬೇಕಾಗಿತ್ತು.

ದಿನದ ಕ್ಷೌರಕ್ಕೆ ಆಯಾ ಊರಿನಲ್ಲೇ ಜನ ಇದ್ದರು. ಆದರೆ ಮದುವೆ ಗಂಡಿನ ಶಾಸ್ತ್ರಕ್ಕೆ, ಮಗುವಿನ ಮೊದಲ ಕೂದಲಿಗೆ, ತಿಥಿಗೆ ನಮ್ಮ ತಾತನೇ ಬರಬೇಕು ಎನ್ನುವ ಮನೆಗಳು ಸುತ್ತಲ ಊರುಗಳಲ್ಲಿದ್ದವು. ನನಗೆ ತಿಳಿವಳಿಕೆ ಬರುವ ಮೊದಲೇ ತೀರಿಕೊಂಡ ತಾತನ ಕೈ ಹತ್ತಿಯಂತೆ ಹಗುರವಾಗಿತ್ತು ಎಂದು ಅಜ್ಜಿ ಹೇಳುತ್ತಿದ್ದಳು. ಆ ಮನೆಗಳವರು ಸಂತೋಷಪಟ್ಟು ತಾತನಿಗೆ ಕ್ಷೌರದ ಮಡಚುವ ಕತ್ತಿ ಕೊಡಿಸಿದರೆ, ಅಲ್ಲಿಂದ ಮುಂದೆ ಆ ಊರಿನ ಮನೆಗಳ ಕರೆ ಆ ಕತ್ತಿ ಯಾರ ಹತ್ತಿರ ಇದೆಯೋ ಅವನಿಗೆ. ಕತ್ತಿ ಬಂದ ಊರು ಕತ್ತಿ ಹಿಡಿದವನದು, ಇದು ನಮ್ಮ ಮನೆಯ ಕಟ್ಟಳೆ. ಪತ್ರವಿಲ್ಲ, ಸಹಿಯಿಲ್ಲ. ಅದಕ್ಕೇ ಯಾವ ಕತ್ತಿ ಎಲ್ಲಿಂದ ಬಂತು ಎನ್ನುವುದನ್ನು ಮರೆಯುವಂತಿರಲಿಲ್ಲ.

ಮರೆಯದಿರಲು ಅಮಾವಾಸ್ಯೆ ಇತ್ತು. ಅವತ್ತು ಯಾರೂ ತಲೆ ಕೊಡುವುದಿಲ್ಲ, ಹಾಗಾಗಿ ಕತ್ತಿಗಳಿಗೆ ಎಣ್ಣೆಯ ದಿನ. ಅಪ್ಪ ಜಗಲಿಯ ಮೇಲೆ ಗೋಣಿತಾಟು ಹಾಸಿ ಕತ್ತಿಗಳನ್ನು ಸಾಲಾಗಿ ಇಡುತ್ತಿದ್ದ. ಸಾಣೆಕಲ್ಲಿಗೆ ನೀರು ಹಾಕಿ ಅವನು ಅಂಚು ಹಿಡಿದು ಕೊಟ್ಟರೆ, ಒರೆಸಿ ಕೀಲಿಗೆ ಕೊಬ್ಬರಿ ಎಣ್ಣೆ ಬಿಡುವ ಕೆಲಸ ನನ್ನದು. ಹೆಣ್ಣುಮಕ್ಕಳು ಕತ್ತಿ ಮುಟ್ಟಬಾರದೆಂದು ಅಜ್ಜಿ ಒಂದಿಷ್ಟು ದಿನ ಗೊಣಗಿದಳು. ಚಿಕ್ಕಪ್ಪ ಕೇಳಲಿಲ್ಲ. ನನ್ನನ್ನು ಮುಂದೆ ಕೂರಿಸಿಕೊಂಡು, ಬಿಚ್ಚುವಾಗ ಬೆರಳು ಎಲ್ಲಿರಬೇಕು, ಮಡಚುವಾಗ ಎಲ್ಲಿರಬಾರದು ಎಂದು ತಿದ್ದಿದವನು ಅವನೇ. ಆಗ ಅವನಿಗೆ ಇಪ್ಪತ್ತೈದಿರಬೇಕು, ಕೆಲಸಕ್ಕೆ ಹೋಗಲು ಶುರುಮಾಡಿ ಎರಡು ವರ್ಷವಾಗಿತ್ತಷ್ಟೆ. ಮುಂದೆ ಆಸ್ಪತ್ರೆಯಲ್ಲಿ ಆಪರೇಷನ್‌ಗೆ ಮುಂಚೆ ರೋಗಿಯ ಕೂದಲು ತೆಗೆಯಲು ಡಾಕ್ಟರು ನನ್ನನ್ನೇ ಕರೆಸುತ್ತಿದ್ದರು. ನಿಮ್ಮ ಕೈ ಅಲುಗುವುದೇ ಇಲ್ಲವಲ್ಲ ಸಿಸ್ಟರ್, ಎಲ್ಲಿ ಕಲಿತಿರಿ ಎಂದರೆ ಟ್ರೈನಿಂಗಿನಲ್ಲಿ ಎನ್ನುತ್ತಿದ್ದೆ. ಅದೂ ಸುಳ್ಳೇ, ಆದರೆ ಅದರ ಲೆಕ್ಕ ಈಗ ಬೇಡ.

ಎಣ್ಣೆ ಬಿಡುತ್ತ ಊರು ಹೇಳಬೇಕು. ಅಪ್ಪ ಹೇಳಿದಂತೆ ನಾನು ಹೇಳಬೇಕು. ತೆಂಗಿನ ಮರದ ಹಿಡಿಯದು ನುಗ್ಗೇಹಳ್ಳಿ. ದೇವಸ್ಥಾನದ ಹಿಂದಿನ ಬೀದಿಯ ತೋಟದವರು ಕೊಟ್ಟದ್ದು. ಅಲ್ಲಿಂದ ಬರುವಾಗ ಬಸ್ಸಿನ ಮೇಲೆ ಒಂದು ಮೂಟೆ ಕಾಯಿ ಇರುತ್ತಿತ್ತು. ಅಗಲ ಅಲಗಿನ, ಭಾರದ ಕತ್ತಿ ಹೊಳೆನರಸೀಪುರದ್ದು. ಅದು ಅಜ್ಜಿಯ ತವರು, ಅವಳ ಅಪ್ಪ ಅಳಿಯನಿಗೆ ಕತ್ತಿಯ ಜೊತೆಗೆ ತನ್ನ ಮನೆಗಳನ್ನೂ ಬಿಟ್ಟುಕೊಟ್ಟಿದ್ದ. ಬಿಳಿ ಮೂಳೆಯ ಹಿಡಿಯದು ಶೆಟ್ಟಿಹಳ್ಳಿ. ಅಣೆಕಟ್ಟಿನ ನೀರು ಬರುತ್ತದೆ, ಊರು ಬಿಡಬೇಕು ಎಂದಾದಾಗ ಅಲ್ಲಿನ ಚರ್ಚಿನ ಅಡುಗೆಯವನು ತಾತನ ಕೈಗಿಟ್ಟು, ಇನ್ನು ನಾವು ಯಾವ ಊರಲ್ಲಿರುತ್ತೇವೋ ಗೊತ್ತಿಲ್ಲ, ಇದು ನಿನ್ನ ಹತ್ತಿರ ಇರಲಿ ಎಂದನಂತೆ. ಊರೇ ಮುಳುಗಿದ ಮೇಲೆ ಕರೆ ಎಲ್ಲಿಂದ ಬರಬೇಕು? ಆದರೂ ಅದಕ್ಕೆ ಎಣ್ಣೆ ತಪ್ಪುತ್ತಿರಲಿಲ್ಲ. ಅರಕಲಗೂಡಿನದು ತಿಥಿ ಕತ್ತಿ. ಅದು ಮನೆಯೊಳಗೆ ಬರುವಂತಿಲ್ಲ, ಬಚ್ಚಲ ಹೊರಗೋಡೆಯ ಗೂಡೇ ಅದರ ಜಾಗ. ನಾನು ಅದನ್ನು ಕೊನೆಗೆ ಒರೆಸಿ ಕೈ ತೊಳೆಯುತ್ತಿದ್ದೆ.

ಉಳಿದವು ಎರಡು, ಎರಡಕ್ಕೂ ಕೋಣದ ಕೊಂಬಿನ ಕರಿ ಹಿಡಿ. ಒಂದು ಶಾಂತಿಗ್ರಾಮದ್ದು. ಅಲ್ಲಿ ಹೈನು ಚೆನ್ನಾಗಿದ್ದ ಹತ್ತಾರು ಮನೆಗಳು, ವರ್ಷಕ್ಕೆ ನಾಲ್ಕೈದು ಮದುವೆ. ಒಂದು ಶಾಸ್ತ್ರ ಮುಗಿಸಿ ಬಂದರೆ ಸೇರುಗಟ್ಟಲೆ ತುಪ್ಪ. ಬಿಸಿ ಮುದ್ದೆಯ ಗುಳಿಗೆ ಆ ತುಪ್ಪ ಬಿಟ್ಟು ಅಜ್ಜಿ ನನಗೆ ಕೊಡುತ್ತಿದ್ದಳು, ಆ ವಾಸನೆ ಇವತ್ತಿಗೂ ಮೂಗಿನಲ್ಲಿದೆ. ಇನ್ನೊಂದು, ಅದೇ ಥರದ್ದು ಬೇಕೆಂದು ತಾತ ಹಾಸನದ ಅಂಗಡಿಯಲ್ಲಿ ಕೊಂಡದ್ದು. ಯಾರೂ ಕೊಟ್ಟದ್ದಲ್ಲ, ಯಾವ ಮನೆಯೂ ಅದರ ಹಿಂದೆ ಬಂದಿಲ್ಲ. ಅಪ್ಪ ಅದನ್ನು ಊರಿಲ್ಲದ ಕತ್ತಿ ಎನ್ನುತ್ತಿದ್ದ. ಎರಡನ್ನೂ ಪಕ್ಕದಲ್ಲಿಟ್ಟರೆ ಅವಳಿ ಜವಳಿ, ಅಪ್ಪನೇ ಎಷ್ಟೋ ಸಲ ತಿರುಗಿಸಿ ನೋಡುತ್ತಿದ್ದ. ನನಗೆ ನೋಡುವ ಕೆಲಸವಿರಲಿಲ್ಲ. ಶಾಂತಿಗ್ರಾಮದ್ದು ಮಡಚಿದರೆ ಟಕ್ ಎನ್ನುತ್ತಿತ್ತು. ಹಾಸನದ್ದರ ಹಿಡಿಯೊಳಗೆ ಎಲ್ಲೋ ಸೀಳು ಬಿಟ್ಟಿತ್ತು, ಅದು ಟಪ್ ಎನ್ನುತ್ತಿತ್ತು. ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ದೊಡ್ಡವರಿಗೆ ಗೊತ್ತಿಲ್ಲದ್ದು ಒಂದು ನನಗೆ ಗೊತ್ತಿರಲಿ ಎನ್ನುವ ಜಂಬ.

ಹುಟ್ಟುತ್ತ ಅಣ್ಣತಮ್ಮಂದಿರು, ಬೆಳೆಯುತ್ತ ದಾಯಾದಿಗಳು ಎನ್ನುತ್ತಾರೆ. ನಮ್ಮ ಮನೆ ಒಡೆದದ್ದು ಹೊಲಕ್ಕಲ್ಲ, ಬಂಗಾರಕ್ಕಲ್ಲ, ಹಂಡೆ ನೀರಿಗೆ. ಇಬ್ಬರು ಗಂಡಸರೂ ಒಂದೇ ಹೊತ್ತಿಗೆ ಬಂದರೆ ಮೊದಲು ಮೀಯುವವರು ಯಾರು? ಅವ್ವ ತುಂಬಿಸಿ ಉರಿಹಾಕಿದ ನೀರನ್ನು ಚಿಕ್ಕಪ್ಪ ಮುಗಿಸಿಬಿಟ್ಟ, ಚಿಕ್ಕವ್ವ ಕಾಯಿಸಿದ್ದನ್ನು ಅಪ್ಪ ಮುಗಿಸಿಬಿಟ್ಟ. ಇಬ್ಬರು ಹೆಂಗಸರು ಹಿತ್ತಲಲ್ಲಿ ನಿಂತು ಆಡಿಕೊಂಡ ಮಾತುಗಳನ್ನು ಬರೆಯುವಂತಿಲ್ಲ. ಒಂದು ದಿನ ಚಿಕ್ಕವ್ವ ಕಾದ ನೀರನ್ನು ಹಂಡೆಯಿಂದ ಮೊಗೆಮೊಗೆದು ಬಾಳೆಯ ಬುಡಕ್ಕೆ ಸುರಿದಳು. ಅವತ್ತು ಅಜ್ಜಿ ಎದ್ದು ನಿಂತಳು.

“ಸಾಕು ನಿಲ್ಸ್ರೇ. ದಿನಾ ಬೆಳಗಾದ್ರೆ ಈ ಸುಡುಗಾಡು ನೀರಿನ್ ಜಗಳ. ಬ್ಯಾರೆ ಬ್ಯಾರೆ ಒಲೆ ಅಚ್ಕಳಿ, ಬ್ಯಾರೆ ಬ್ಯಾರೆ ಅಂಡೆ ಇಟ್ಕಳಿ. ಕತ್ತೀನೂ ಅಂಚ್ಬುಡ್ತೀನಿ.”

ಹಂಚಿಕೆ ಜಗಲಿಯ ಮೇಲೆ ನಡೆಯಿತು, ತಿಥಿ ಕತ್ತಿ ಒಳಗೆ ಬರುವಂತಿರಲಿಲ್ಲವಲ್ಲ. ಅಜ್ಜಿ ಆರು ಕತ್ತಿಗಳನ್ನೂ ಅರಿಶಿನದ ನೀರಿನಲ್ಲಿ ಅದ್ದಿ ಒರೆಸಿ, ಹಳೆ ಸೀರೆಯ ಚೂರುಗಳಲ್ಲಿ ದಪ್ಪಗೆ ಸುತ್ತಿ, ರಾಗಿ ತುಂಬಿದ ಪುಟ್ಟಿಯೊಳಗೆ ಹುದುಗಿಸಿದಳು. ಹಿರಿಯ ಒಂದು ತೆಗೆಯಬೇಕು, ಕಿರಿಯ ಒಂದು ತೆಗೆಯಬೇಕು, ಹಾಗೆ ಮೂರು ಸುತ್ತು. ಯಾರ ಕೈಗೆ ಬಂದದ್ದು ಅವರಿಗೆ, ಜೊತೆಗೆ ಆ ಊರು. ಅವ್ವ ಬಾಗಿಲ ಹಿಂದೆ ನಿಂತಿದ್ದಳು, ಚಿಕ್ಕವ್ವ ಕಿಟಕಿಯ ಹಿಂದೆ. ಇಬ್ಬರೂ ಹರಕೆ ಹೊರುತ್ತಿದ್ದರು ಎಂದು ತುಟಿ ನೋಡಿದರೆ ಗೊತ್ತಾಗುತ್ತಿತ್ತು. ಬಟ್ಟೆ ಬಿಚ್ಚಿದಾಗ ಅಪ್ಪನ ಪಾಲಿಗೆ ನುಗ್ಗೇಹಳ್ಳಿ, ಹೊಳೆನರಸೀಪುರ ಮತ್ತು ಒಂದು ಕರಿ ಹಿಡಿಯದು ಬಂದಿತ್ತು. ಚಿಕ್ಕಪ್ಪನಿಗೆ ಶೆಟ್ಟಿಹಳ್ಳಿ, ಅರಕಲಗೂಡು, ಇನ್ನೊಂದು ಕರಿ ಹಿಡಿಯದು. ಮುಳುಗಿದ ಊರು ಒಂದು, ಸಾವಿನ ಕತ್ತಿ ಒಂದು. ಅವನಿಗೆ ಉಳಿದಿದ್ದ ಆಸೆಯೆಲ್ಲ ಆ ಮೂರನೆಯದರ ಮೇಲೆ.

“ಶಾಂತಿಗ್ರಾಮದ್ದು ನಂಗೇ ಬಂತು,” ಎಂದ ಅಪ್ಪ.

“ಇಲ್ಲ ಕಣಣ್ಣ, ನಿಂದು ಆಸ್ನದ್ದು,” ಎಂದ ಚಿಕ್ಕಪ್ಪ. “ನನ್ ಕೈಲಿರೋದು ಶಾಂತಿಗ್ರಾಮದ್ದು ಅನ್ನುಸ್ತದೆ.”

“ಅನ್ನುಸ್ತದೆ ಅಂದ್ರೆ ಆಯ್ತೇನ್ಲಾ? ನಾನು ಇಪ್ಪತ್ತೊರ್ಸ ಇಡ್ದಿರೋನು.”

ಅಜ್ಜಿ ಎರಡನ್ನೂ ಕಣ್ಣಿನ ಹತ್ತಿರ ಹಿಡಿದು ನೋಡಿದಳು. ಅವಳ ಕಣ್ಣಿಗೆ ಆಗಲೇ ಪೊರೆ ಬಂದಿತ್ತು. ಮಾತು ಏರಿತು, ಬೀದಿಯವರು ನಿಂತು ನೋಡತೊಡಗಿದರು. ಆಗ ಚಿಕ್ಕಪ್ಪ ನನ್ನ ಕಡೆ ತಿರುಗಿದ.

“ಮಗೀನ ಕೇಳವ್ವ. ಎಣ್ಣೆ ಬುಡೋಳು ಅವಳು. ಅವಳು ಯೋಳಿದ್ದೇ ಸೈ. ಮಗ ಸುಳ್ಳೇಳಕಿಲ್ಲ.”

ಅಜ್ಜಿ ಎರಡೂ ಕತ್ತಿಗಳನ್ನು ನನ್ನ ಮಡಿಲಿಗೆ ಹಾಕಿದಳು. ಚಿಕ್ಕಪ್ಪನದನ್ನು ಬಿಚ್ಚಿ ಮಡಚಿದೆ, ಟಕ್. ಅಪ್ಪನದನ್ನು ಬಿಚ್ಚಿ ಮಡಚಿದೆ, ಟಪ್. ತಲೆ ಎತ್ತಿದರೆ ಅಪ್ಪ ನನ್ನನ್ನೇ ನೋಡುತ್ತಿದ್ದ. ಕಣ್ಣು ಕೆಕ್ಕರಿಸಲಿಲ್ಲ, ಸನ್ನೆ ಮಾಡಲಿಲ್ಲ. ಅವನ ಮುಖದಲ್ಲಿ ಹೆದರಿಕೆ ಇತ್ತು. ಯಾರ ಮುಂದೂ ಕೈ ನಡುಗಿಸದ ಅಪ್ಪನ ಮುಖದಲ್ಲಿ ಹೆದರಿಕೆ ನೋಡಿದ್ದು ಅದೇ ಮೊದಲು. ಅದನ್ನು ಅಲ್ಲಿಂದ ಅಳಿಸಿಬಿಡಬೇಕು ಅನ್ನಿಸಿತು. ಇಷ್ಟೇ ಆಗಿದ್ದರೆ ನಾನು ಒಳ್ಳೆಯ ಮಗಳು ಎಂದುಕೊಂಡು ಸುಮ್ಮನಿರಬಹುದಿತ್ತು. ಶಾಂತಿಗ್ರಾಮ ಆಚೆ ಕೋಣೆಗೆ ಹೋದರೆ ನನ್ನ ಮುದ್ದೆಯ ಗುಳಿಗೆ ತುಪ್ಪ ಎಲ್ಲಿಂದ ಬರುತ್ತದೆ ಎಂಬ ಯೋಚನೆಯೂ ಆ ಗಳಿಗೆಯಲ್ಲೇ ಬಂತು. ಎರಡೂ ನಿಜ. ಯಾವುದು ಮೊದಲು ಬಂತು ಎಂದು ಈ ವಯಸ್ಸಿನಲ್ಲೂ ಹೇಳಲಾರೆ.

“ಅಪ್ಪಂಗೆ ಬಂದಿರೋದೇ ಶಾಂತಿಗ್ರಾಮದ್ದು,” ಎಂದೆ.

ಚಿಕ್ಕಪ್ಪ ನನ್ನ ಮಡಿಲಿಂದ ತನ್ನ ಕತ್ತಿಯನ್ನು ತೆಗೆದುಕೊಂಡ. ಅದಕ್ಕೆ ಅಂಟಿದ್ದ ರಾಗಿ ಕಾಳನ್ನು ಉಗುರಿನಿಂದ ತೆಗೆದು ಪುಟ್ಟಿಗೇ ಹಾಕಿದ. ಎದ್ದು ನನ್ನ ತಲೆ ಸವರಿದ.

“ಸರಿ ಬುಡು. ನಂಗೇ ಗೊತ್ತಾಗ್ನಿಲ್ಲ ಕಣವ್ವ.”

ಒಂದೇ ಒಲೆಯ ಕೊನೆಯ ಊಟವೆಂದು ಅಜ್ಜಿ ಅವತ್ತು ಪಾಯಸ ಮಾಡಿದ್ದಳು. ಚಿಕ್ಕಪ್ಪ ಎಂದಿನಂತೆ ತನ್ನ ಎಲೆಯ ಗೋಡಂಬಿಯನ್ನು ಆರಿಸಿ ನನ್ನ ಎಲೆಗೆ ಹಾಕಿದ. ನಾನು ಹೊಟ್ಟೆನೋವೆಂದು ಎದ್ದುಬಿಟ್ಟೆ. ಮಗೀಗೆ ದೃಷ್ಟಿಯಾಗಿದೆ ಎಂದು ಅಜ್ಜಿ ಉಪ್ಪು ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು.

ಮೂರು ತಿಂಗಳಿಗೆ ಚಿಕ್ಕಪ್ಪ ಹಾಸನಕ್ಕೆ ಹೊರಟ. ಬಸ್ ಸ್ಟ್ಯಾಂಡಿನ ಹತ್ತಿರ ಮರದ ಕೆಳಗೆ ಒಂದು ಕುರ್ಚಿ, ಮರಕ್ಕೆ ಮೊಳೆ ಹೊಡೆದು ಒಂದು ಕನ್ನಡಿ. ಊರಿಲ್ಲದ ಕತ್ತಿಗೆ ಬಸ್ ಸ್ಟ್ಯಾಂಡೇ ಊರು ಎಂದು ನಗುತ್ತಿದ್ದನಂತೆ. ಕುರ್ಚಿ ಅಂಗಡಿಯಾಗಲು ಬಹಳ ವರ್ಷ ಹಿಡಿಯಿತು. ಅಷ್ಟರಲ್ಲಿ ಚಿಕ್ಕವ್ವ ಎರಡು ಮಕ್ಕಳನ್ನು ಕಟ್ಟಿಕೊಂಡು ತವರಿನಲ್ಲಿ ಪಟ್ಟ ಪಾಡು ನಮ್ಮ ಕಿವಿಗೂ ಬೀಳುತ್ತಿತ್ತು. ಅವ್ವ ಅದನ್ನು ಕೇಳಿ ಅಯ್ಯೋ ಪಾಪ ಎನ್ನುತ್ತಲೇ ನನ್ನ ಮುದ್ದೆಗೆ ತುಪ್ಪ ಬಿಡುತ್ತಿದ್ದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುವ ಹಾಗೆ, ಶಾಲೆಯಲ್ಲಿ ಮೇಷ್ಟ್ರು ಯಾರು ಸುಳ್ಳು ಹೇಳಿದ್ದು ಎಂದು ಏನೋ ಒಂದಕ್ಕೆ ಗದರಿದರೂ ನನ್ನ ಕಣ್ಣಲ್ಲಿ ನೀರು ಬರುತ್ತಿತ್ತು.

ಅಪ್ಪ ಶಾಂತಿಗ್ರಾಮಕ್ಕೆ ಹೋಗಿ ಬರುತ್ತಿದ್ದ. ಆದರೆ ಆ ಕತ್ತಿಯನ್ನು ಒಂದು ದಿನವೂ ಒಯ್ಯಲಿಲ್ಲ. ನುಗ್ಗೇಹಳ್ಳಿಯದನ್ನು ಚೀಲಕ್ಕೆ ಹಾಕಿಕೊಂಡು ಹೊರಟಾಗ ಅವ್ವ ಒಮ್ಮೆ ಕೇಳಿಯೇಬಿಟ್ಟಳು.

“ಆ ಊರ್ ಕತ್ತೀನೇ ತಗೊಂಡೋಗ್ಬಾರ್ದಾ?”

“ಅದ್ಕೆ ಅಂಚಿಲ್ಲ,” ಎಂದ ಅಪ್ಪ.

ಅಂಚಿತ್ತು. ಹಿಂದಿನ ದಿನವಷ್ಟೇ ನಾನು ಮುಂಗೈ ಕೂದಲಿಗೆ ಹಿಡಿದು ನೋಡಿದ್ದೆ. ಅಮಾವಾಸ್ಯೆಯ ಎಣ್ಣೆ ನಿಲ್ಲಲಿಲ್ಲ, ಆದರೆ ಊರು ಹೇಳುವುದನ್ನು ಅಪ್ಪ ಎರಡಕ್ಕೇ ನಿಲ್ಲಿಸುತ್ತಿದ್ದ. ಮೂರನೆಯದನ್ನು ನನ್ನ ಕೈಗೆ ಕೊಟ್ಟು ಬೀದಿಯ ಕಡೆ ನೋಡುತ್ತಿದ್ದ. ನಾನೂ ಏನೂ ಹೇಳದೆ ಎಣ್ಣೆ ಬಿಟ್ಟು ಮಡಚುತ್ತಿದ್ದೆ. ಪ್ರತಿ ದೀಪಾವಳಿಗೂ ಶಾಂತಿಗ್ರಾಮದ ತುಪ್ಪದಲ್ಲಿ ಅರ್ಧವನ್ನು ಡಬ್ಬಿಗೆ ಹಾಕಿ, ನನ್ನ ಕೈಲಿ ಕೊಟ್ಟು ಹಾಸನದ ಬಸ್ಸು ಹತ್ತಿಸುತ್ತಿದ್ದ. ಅವನಾಗಿ ಒಂದು ಸಲವೂ ಹೋಗಲಿಲ್ಲ. ಚಿಕ್ಕಪ್ಪ ಡಬ್ಬಿಯನ್ನು ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದ.

“ನೋಡ್ದಾ, ಬ್ಯಾರೆ ಆದ್ರೂ ನಮ್ಮಣ್ಣ ಮರೀನಿಲ್ಲ.”

ಅಪ್ಪನಿಗೆ ಲಕ್ವ ಹೊಡೆದು ಮಾತು ನಿಂತಾಗ ಚಿಕ್ಕಪ್ಪ ಬಂದು ಮಂಚದ ಪಕ್ಕ ಕೂತ. ಅಷ್ಟು ಹೊತ್ತಿಗೆ ನಾನು ನರ್ಸ್ ಕೆಲಸಕ್ಕೆ ಸೇರಿಯಾಗಿತ್ತು, ಅಪ್ಪನಿಗೆ ಅನ್ನ ತಿನ್ನಿಸಿ ಮುಖ ಕ್ಷೌರ ಮಾಡುತ್ತಿದ್ದವಳೂ ನಾನೇ. ಚಿಕ್ಕಪ್ಪ ಅಣ್ಣನ ಎರಡೂ ಪಾದ ಹಿಡಿದುಕೊಂಡ.

“ಅವತ್ತು ಮಗ ಯೋಳಿದ್ ಮ್ಯಾಲೂ ಒಂದೆರಡ್ ವರ್ಸ ನಿನ್ ಮ್ಯಾಲೆ ಅನ್ಮಾನ ಮಡೀಕಂಡಿದ್ದೆ ಕಣಣ್ಣ. ಅಣ್ಣ ಮೋಸ ಮಾಡ್ದ ಅಂತ್ಲೇ ಅನ್ಕಂಡಿದ್ದೆ. ನನ್ ತೆಪ್ಪಾಯ್ತು. ಒಟ್ಟೇಗ್ ಆಕ್ಕೋ.”

ಅಪ್ಪ ಅವನ ಹೆಗಲ ಮೇಲಿಂದ ನನ್ನನ್ನು ನೋಡಿದ. ಜಗಲಿಯ ಮೇಲೆ ನೋಡಿದ ಅದೇ ನೋಟ, ಅದೇ ಹೆದರಿಕೆ. ಬಾಯಿ ಓರೆಯಾಗಿ ಏನೋ ಸದ್ದು ಬಂತು. ಅಣ್ಣ ಕ್ಷಮಿಸಿದ ಎಂದುಕೊಂಡು ಚಿಕ್ಕಪ್ಪ ಅತ್ತ. ನಾನು ಡಾಕ್ಟರಿಗೆ ಫೋನ್ ಮಾಡಬೇಕೆಂದು ನೆವ ಹೇಳಿ ಹೊರಗೆ ಹೋದೆ.

ಅಪ್ಪ ತೀರಿಕೊಂಡ ಮೇಲೆ ಅವನ ಮೂರು ಕತ್ತಿಗಳೂ ನನ್ನ ಟ್ರಂಕಿನಲ್ಲಿ ಉಳಿದವು. ಹೋದ ವರ್ಷ ಚಿಕ್ಕಪ್ಪನ ಮೊಮ್ಮಗ ಸಂತೋಷ ಹಾಸನದ ಅಂಗಡಿಯನ್ನು ಒಡೆದು ಹೊಸದು ಮಾಡಿಸಿದ. ತಿರುಗುವ ಕುರ್ಚಿ, ಏಸಿ, ಕಣ್ಣು ಕುಕ್ಕುವ ದೀಪಗಳು. ಒಳಗೆ ಒಂದು ಕತ್ತಿಗೂ ಕೆಲಸವಿಲ್ಲ, ಎಲ್ಲ ಬಳಸಿ ಬಿಸಾಡುವ ಬ್ಲೇಡು. ಆದರೂ ತಾತನ ಕಾಲದ ಆರೂ ಕತ್ತಿಗಳು ಗಾಜಿನ ಪೆಟ್ಟಿಗೆಯಲ್ಲಿ ಗೋಡೆಯ ಮೇಲಿರಬೇಕಂತೆ, ಕೆಳಗೆ ಊರಿನ ಚೀಟಿ ಇರಬೇಕಂತೆ. ಕಸುಬು ಹೋದ ಮೇಲೆ ಅದಕ್ಕೆ ಗಾಜು ಹಾಕುತ್ತಾರೆ ಎಂದು ಗೊಣಗುತ್ತಲೇ ನನ್ನ ಮೂರನ್ನು ಸೆರಗಿನಲ್ಲಿ ಕಟ್ಟಿಕೊಂಡು ಹೋದೆ. ಎಂಬತ್ತು ದಾಟಿದ ಚಿಕ್ಕಪ್ಪ ಹೊಸ ಕುರ್ಚಿಯಲ್ಲಿ ಕಾಲು ನೀಡಿಕೊಂಡು ಕೂತಿದ್ದ. ನುಗ್ಗೇಹಳ್ಳಿ, ಹೊಳೆನರಸೀಪುರ, ಶೆಟ್ಟಿಹಳ್ಳಿ, ಅರಕಲಗೂಡು; ನಾನು ಹೇಳುತ್ತ ಹೋದಂತೆ ಅವನೂ ತುಟಿ ಅಲ್ಲಾಡಿಸುತ್ತ ಬಂದ. ಕೊನೆಗೆ ಸಂತೋಷ ಎರಡು ಕರಿ ಹಿಡಿಗಳನ್ನು ಕೈಗೆತ್ತಿಕೊಂಡ.

“ಇವೆಲ್ಡೂ ಒಂದೇ ಥರ ಐತಲ್ಲ ಅತ್ತೆ. ಯಾವ್ದು ಎಲ್ಲೀದು?”

“ಅವಳ್ನೇ ಕೇಳ್ಲಾ,” ಎಂದ ಚಿಕ್ಕಪ್ಪ ಕುರ್ಚಿಯಿಂದಲೇ. “ಅವಳು ಯೋಳಿದ್ದೇ ಸೈ.”

ಇಬ್ಬರಿಗೂ ಟೀ ತಾ ಎಂದು ಸಂತೋಷನನ್ನು ಹೊರಗೆ ಕಳಿಸಿದೆ. ಎರಡನ್ನೂ ಬಿಚ್ಚಿ ಮಡಚಿದೆ. ಇಷ್ಟು ವರ್ಷಕ್ಕೆ ಸದ್ದು ಒಂದೇ ಆಗಿರಲಿ ಎಂದು ನಿಜವಾಗಿಯೂ ಬೇಡಿಕೊಂಡೆ. ಆಗಿರಲಿಲ್ಲ. ಅವನು ಬಸ್ ಸ್ಟ್ಯಾಂಡಿನ ಮರದಡಿ ಜೀವಮಾನವೆಲ್ಲ ಹಿಡಿದದ್ದು ಟಕ್ ಎಂದಿತು. ಶಾಂತಿಗ್ರಾಮದಿಂದ ಬಸ್ಸಿಳಿದು ಬಂದವರ ಗಡ್ಡವನ್ನು ಅವರೂರಿನ ಕತ್ತಿಯಲ್ಲೇ ತೆಗೆದಿದ್ದ, ತನ್ನದು ಊರಿಲ್ಲದ ಕತ್ತಿ ಎಂದುಕೊಂಡು. ನಾನು ಪಕ್ಕದ ಕುರ್ಚಿಯಲ್ಲಿ ಕೂತೆ. ಹೇಳಿದೆ. ಟಕ್ ಟಪ್ ಎರಡನ್ನೂ ಮಾಡಿ ತೋರಿಸಿದೆ. ಅವತ್ತು ನಾನು ಹೇಳಿದ್ದು ಸುಳ್ಳು ಚಿಕ್ಕಪ್ಪ, ಶಾಂತಿಗ್ರಾಮ ನಿನ್ನದು ಎಂದೆ.

ಚಿಕ್ಕಪ್ಪ ಬಯ್ಯುತ್ತಾನೆ ಎಂದುಕೊಂಡಿದ್ದೆ, ಅಳುತ್ತಾನೆ ಎಂದುಕೊಂಡಿದ್ದೆ. ಅವನು ನನ್ನ ಕಡೆ ತಿರುಗಲೇ ಇಲ್ಲ. ಎದುರಿನ ದೊಡ್ಡ ಕನ್ನಡಿಯಲ್ಲಿ ನನ್ನನ್ನು ನೋಡುತ್ತ ಒಂದೇ ಒಂದು ಮಾತು ಕೇಳಿದ.

“ನಿಮ್ಮಪ್ಪಂಗೆ ಗೊತ್ತಿತ್ತಾ ಮಗ?”

ಅವನಿಗೆ ಬೇಕಾಗಿದ್ದದ್ದು ಊರಲ್ಲ, ತುಪ್ಪವಲ್ಲ, ಅಣ್ಣ. ನನ್ನ ಕಣ್ಣ ಮುಂದೆ ಅಂಚಿಲ್ಲ ಎಂದು ಬಿಟ್ಟುಹೋದ ಕತ್ತಿ ಬಂತು, ಬೀದಿಯ ಕಡೆ ತಿರುಗಿದ ಅಪ್ಪನ ಮುಖ ಬಂತು, ಮಂಚದ ಮೇಲಿಂದ ನೋಡಿದ ಆ ಕಣ್ಣು ಬಂತು. ಸತ್ಯ ಹೇಳಿ ಹಗುರಾಗಲೆಂದೇ ಬಾಯಿ ಬಿಟ್ಟವಳು ನಾನು.

“ಇಲ್ಲ ಚಿಕ್ಕಪ್ಪ,” ಎಂದೆ. “ಅಪ್ಪಂಗೆ ಏನೂ ಗೊತ್ತಿರ್ನಿಲ್ಲ. ನಾನೇ ತುಪ್ಪದ್ ಆಸೇಗೆ ಅಂಗೆ ಯೋಳ್ಬುಟ್ಟೆ.”

ಅವನ ಹೆಗಲು ಇಳಿಯಿತು. ಬೊಚ್ಚುಬಾಯಿ ತೆರೆದು ಸದ್ದಿಲ್ಲದೆ ನಕ್ಕ. ನನ್ನ ಕೈಯಿಂದ ತನ್ನ ಕತ್ತಿಯನ್ನು ತೆಗೆದುಕೊಂಡು, ಬಿಚ್ಚಿ, ಕಿವಿಯ ಹತ್ತಿರ ಹಿಡಿದು ಮಡಚಿದ.

“ನಂಗ್ ಗೊತ್ತಿತ್ತು ಕಣವ್ವ, ನಮ್ಮಣ್ಣ ಅಂಥೋನಲ್ಲ,” ಎಂದ. “ಈಗ್ಲಾದ್ರೂ ನಿಜ ಯೋಳ್ದಲ್ಲ, ಅಷ್ಟೇ ಸಾಕು.”

ಸಂತೋಷ ಟೀ ತಂದ. ನಾನು ಚೀಟಿ ತೆಗೆದುಕೊಂಡು ಶಾಂತಿಗ್ರಾಮ ಎಂದು ಬರೆದೆ.